ಬಂದವರ ಹಿಡಿ

ನಮ್ಮ ದೊಡ್ಡಮ್ಮನ ಎದುರಿಗೆ ಮನುಷ್ಯರನ್ನು ಎಣಿಸುವಂತಿರಲಿಲ್ಲ. ತೆಂಗಿನಕಾಯಿ ಎಣಿಸಬಹುದು, ಬೆರಣಿ ಎಣಿಸಬಹುದು, ಅಗಸರ ಮನೆಗೆ ಹೋಗುವ ಬಟ್ಟೆಯನ್ನಂತೂ ಎಣಿಸಲೇಬೇಕು, ಏಕೆಂದರೆ ವಾಪಸು ಬರುವಾಗ ಒಂದಾದರೂ ಕಡಿಮೆ ಬಂದೇ ಬರುತ್ತದೆ ಎಂದು ಅವಳ ನಂಬಿಕೆ. ಆದರೆ ಊಟಕ್ಕೆ ಕೂತ ಮಕ್ಕಳ ಕಡೆ ಬೆರಳು ತೋರಿಸಿ ಒಂದು, ಎರಡು ಅಂದರೆ ಮುಗಿಯಿತು. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಲ್ಲುತ್ತಿತ್ತು.

“ತಲೆ ಎಣಿಸ್ತಾರೇನೋ, ಸಂತೇಲಿ ದನ ಎಣಿಸಿದ ಹಾಗೆ? ಮಕ್ಕಳನ್ನ ಎಣಿಸಿದ್ರೆ ಕಮ್ಮಿ ಆಗ್ತಾವೆ ಕಣೋ!”

ಅದೇ ಮನೆಯ ಪಡಸಾಲೆಯಲ್ಲಿ ದೊಡ್ಡಪ್ಪ ಪ್ರತಿ ಸಂಜೆ ಹೇಳುತ್ತಿದ್ದ ಪಾಠವೋ, ಯಾವುದನ್ನು ಎಣಿಸಬಹುದು, ಯಾವುದನ್ನು ಎಣಿಸಲಾಗದು ಎಂಬುದೇ. ಅವರು ಶಿವಮೊಗ್ಗದ ಒಂದು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಶಾಲೆಯಲ್ಲಿ ದಿನವಿಡೀ ಹೇಳಿದ್ದು ಸಾಲದು ಎಂಬಂತೆ, ದುರ್ಗಿಗುಡಿಯ ಮನೆಗೆ ಬಂದು, ಕೋಟನ್ನು ಗೂಟಕ್ಕೆ ಹಾಕಿ, ಕಾಫಿ ಕುಡಿದು, ನಮ್ಮನ್ನು ಕಂಬದ ಸುತ್ತ ಕೂರಿಸಿಕೊಳ್ಳುತ್ತಿದ್ದರು. ನಾವು ಅಂದರೆ ಅವರ ಹಿರಿಯ ಮಗಳು ಶಾರದಕ್ಕ, ರಾಮು ಮತ್ತು ನಾಣಿ ಎಂಬ ಇಬ್ಬರು ಗಂಡುಮಕ್ಕಳು, ಮತ್ತೆ ನಾನು, ಅವರ ತಮ್ಮನ ಮಗಳು ವಿಮಲೆ. ಇಂಗ್ಲಿಷ್ ವ್ಯಾಕರಣದಲ್ಲಿ ದೊಡ್ಡಪ್ಪನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಾಮಪದ. ನಾಮಪದಗಳಲ್ಲಿ ಕಲೆಕ್ಟಿವ್ ನೌನು. ಅದನ್ನು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು, ಊರಿನಿಂದ ಬಂದ ನೆಂಟರ ಸುದ್ದಿ ಹೇಳುವವರ ಹಾಗೆ.

“ಒಂದೊಂದಾಗಿ ಎಣಿಸಬಹುದಾದ್ದು ಕೌಂಟಬಲ್. ಬಾಯ್, ಗರ್ಲ್, ಮ್ಯಾಂಗೋ. ಅಳೀಬೇಕಾದ್ದು, ತೂಗಬೇಕಾದ್ದು ಎಣಿಸೋಕೆ ಬರಲ್ಲ. ಮಿಲ್ಕ್, ವಾಟರ್, ರೈಸ್. ಇನ್ನು ತುಂಬ ಜನ ಸೇರಿ ಒಂದೇ ಹೆಸರಿಟ್ಕೊಂಡ್ರೆ ಅದು ಕಲೆಕ್ಟಿವ್. ಎಲ್ಲಿ ಹೇಳಿ, ಕುರಿ ಮಂದೆಗೆ ಏನಂತಾರೆ?”

“ಎ ಫ್ಲಾಕ್ ಆಫ್ ಶೀಪ್!”

“ಅಲ್ಲಿ ನಿಮ್ಮಮ್ಮನ ಸೊಂಟದಲ್ಲಿ ನೇತಾಡ್ತಿದೆಯಲ್ಲ, ಅದು?”

“ಎ ಬಂಚ್ ಆಫ್ ಕೀಸ್!”

ದೊಡ್ಡಮ್ಮ ಅಡಿಗೆಮನೆಯಿಂದಲೇ ಬಾಯಿ ಹಾಕುತ್ತಿದ್ದಳು. ಅವಳಿಗೆ ಇಂಗ್ಲಿಷಿನ ಎ ಕೂಡ ಬಾರದು. ಆದರೂ ಆ ಪಾಠಗಳನ್ನು ಒಂದು ದಿನವೂ ತಪ್ಪಿಸಿಕೊಂಡವಳಲ್ಲ.

“ಕುರಿಗೊಂದು, ದನಕ್ಕೊಂದು, ಮೀನಿಗೊಂದು ಹೆಸರಿಟ್ಟಿದಾರಲ್ಲ ನಿಮ್ಮ ಇಂಗ್ಲಿಷ್‌ನೋರು, ವೀಳ್ಯದೆಲೆ ಕಟ್ಟಿಗೆ ಏನಂತಾರೆ?”

“ಅವರು ಎಲೆ ಅಡಿಕೆ ಹಾಕಲ್ಲ ಕಣೇ.”

“ಮತ್ತೆ ಊಟ ಆದ್ಮೇಲೆ ಏನ್ ಮಾಡ್ತಾರೆ?”

“ಗ್ರಾಮರ್ ಓದ್ತಾರೆ ಮಾರಾಯ್ತಿ, ನೀನು ಸಾರು ನೋಡು, ಉಕ್ಕೀತು.”

ಆ ಮನೆಯಲ್ಲಿ ನಮ್ಮೆಲ್ಲರ ನಾಲಿಗೆಯ ಮೇಲೂ ಇದ್ದ ಒಂದು ಮಾತು ಅಂದರೆ ಫ್ಯಾಮಿಲಿ. ಮನೆಮಂದಿಯೆಲ್ಲ ಒಂದಾಗಿದ್ದರೆ ಫ್ಯಾಮಿಲಿ ಈಸ್, ಕಿತ್ತಾಡುತ್ತಿದ್ದರೆ ಫ್ಯಾಮಿಲಿ ಆರ್ ಎಂದು ದೊಡ್ಡಪ್ಪ ಹೇಳಿಕೊಟ್ಟಿದ್ದರು. ರಾಮು, ನಾಣಿ ದಿಂಬಿಗಾಗಿಯೋ ಬುಗುರಿಗಾಗಿಯೋ ಒಬ್ಬರ ಮೇಲೊಬ್ಬರು ಬಿದ್ದರೆ ದೊಡ್ಡಪ್ಪ ಪೇಪರಿನ ಹಿಂದಿನಿಂದಲೇ “ಈಸೋ, ಆರೋ?” ಎಂದು ಕೂಗುತ್ತಿದ್ದರು. “ಆರ್! ಆರ್!” ಎಂದು ಇಬ್ಬರೂ ಗುದ್ದಾಡುತ್ತಲೇ ಉತ್ತರ ಕೊಡುತ್ತಿದ್ದರು. ಶಾರದಕ್ಕ ಬಿಡಿಸಲು ಹೋಗಿ ತಾನೂ ಎರಡೇಟು ತಿಂದು, ನಾಲ್ಕು ಕೊಟ್ಟು ಬರುತ್ತಿದ್ದಳು. ನಾನು ಮಾತ್ರ ಯಾರೊಡನೆಯೂ ಜಗಳವಾಡಿದವಳಲ್ಲ. ನನ್ನ ದಿಂಬು ಕೇಳಿದರೆ ಕೊಟ್ಟುಬಿಡುತ್ತಿದ್ದೆ. ಎಷ್ಟು ಒಳ್ಳೆಯ ಹುಡುಗಿ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಒಳ್ಳೆಯತನವಲ್ಲ ಅದು. ಜಗಳವಾಡಿದರೆ ಇವರು ನನ್ನನ್ನು ವಾಪಸು ಕಳಿಸಿಯಾರು ಎಂಬ ಹೆದರಿಕೆ; ವಾಪಸು ಎಲ್ಲಿಗೆ ಎಂಬುದು ಸರಿಯಾಗಿ ಗೊತ್ತಿಲ್ಲದ ಇನ್ನೊಂದು ಹೆದರಿಕೆ.

ನಾನು ಆ ಮನೆಗೆ ಬಂದದ್ದು ಅಮ್ಮನ ಜೊತೆಗೆ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರದ ಕೆಲಸದಲ್ಲಿದ್ದ. ಅಮ್ಮನಿಗೆ ಕಾಯಿಲೆ ಜೋರಾದಾಗ ಶಿವಮೊಗ್ಗದ ಆಸ್ಪತ್ರೆಗೆ ತೋರಿಸಲು ಅನುಕೂಲವೆಂದು ನಮ್ಮಿಬ್ಬರನ್ನೂ ಅಣ್ಣನ ಮನೆಯಲ್ಲಿ ಬಿಟ್ಟ. ನಡುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅಮ್ಮ ಮಲಗಿರುತ್ತಿದ್ದಳು. ದೊಡ್ಡಮ್ಮ ಗಂಜಿ ಮಾಡಿ ತಂದು ಕುಡಿಸುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಅಮ್ಮ ಹೋದಳು, ನಾನು ಉಳಿದೆ. ಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪ ಬಾಗಿಲಲ್ಲಿ ನಿಂತು, “ಸ್ವಲ್ಪ ದಿನ ಇಲ್ಲೇ ಇರಲಿ ಅತ್ತಿಗೆ, ನನ್ನ ಪಾಳಿ ಒಂದು ಹದಕ್ಕೆ ಬರೋವರೆಗೆ” ಎಂದ. ದೊಡ್ಡಮ್ಮ, “ಇರಲಿ ಬಿಡು” ಎಂದಳು. ಆ ಸ್ವಲ್ಪ ದಿನ ಎಷ್ಟು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುಲಾಬಿ ಹೂವಿನ ಚಿತ್ರವಿದ್ದ ನನ್ನ ಟ್ರಂಕು ಮಾತ್ರ, ಒಳಗಿನ ಬಟ್ಟೆ ಗೋಡೆಯ ಕಪಾಟಿಗೆ ಹೋಗದೆ, ಹಾಸಿಗೆ ಸುತ್ತಿಡುವ ಮೂಲೆಯಲ್ಲಿ ಹಾಗೇ ಕೂತಿತ್ತು.

ಯಾರೂ ನನ್ನನ್ನು ಕೆಟ್ಟದಾಗಿ ನೋಡಿಕೊಳ್ಳಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಶಾರದಕ್ಕನಿಗೆ ಲಂಗದ ಬಟ್ಟೆ ತಂದರೆ ನನಗೂ ಅದೇ ಥಾನಿನಲ್ಲಿ ಹರಿಸುತ್ತಿದ್ದರು. ತಲೆಗೆ ಎಣ್ಣೆ ಹಚ್ಚುವ ಭಾನುವಾರ ನನ್ನ ಸರದಿಯೂ ಬರುತ್ತಿತ್ತು. ಆದರೆ ಉಳಿದ ಮೂವರೂ ಅವಳನ್ನು ಅಮ್ಮಾ ಎಂದು ಕೂಗಿ, ನೀನು ತಾನು ಎಂದು ಮಾತಾಡಿ, ಸೆರಗು ಹಿಡಿದು ಎಳೆಯುತ್ತಿದ್ದರು. ನಾನು ದೊಡ್ಡಮ್ಮ ಎಂದು ಕರೆದು ನೀವು ಎನ್ನುತ್ತಿದ್ದೆ. ಊಟದಲ್ಲಿ ಅವರು “ಅನ್ನ! ಅನ್ನ!” ಎಂದು ಎಲೆ ಬಡಿಯುತ್ತಿದ್ದರು, ನಾನು ಮೊದಲ ಸಲ ಬಡಿಸಿದ್ದನ್ನು ಉಂಡು ಸಾಕು ಎಂದು ಕೈ ಅಡ್ಡ ಹಿಡಿಯುತ್ತಿದ್ದೆ. ಹೊಟ್ಟೆ ತುಂಬಿರುತ್ತಿರಲಿಲ್ಲ. ಎರಡನೇ ಸಲ ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ, ಅಷ್ಟೇ. ಮನೆ ತುಂಬ ಜನ, ಪಕ್ಕದಲ್ಲೇ ಶಾರದಕ್ಕನ ಉಸಿರು, ಆದರೂ ಹಾಸಿಗೆಯಲ್ಲಿ ನಾನು ಒಬ್ಬಳೇ ಇದ್ದೆ. ಈಗ ಈ ವಯಸ್ಸಿನಲ್ಲಿ ನಿಜವಾಗಿಯೂ ಒಬ್ಬಳೇ ಇರುವ ಮನೆಯಲ್ಲಿ ನನಗೆ ಅಷ್ಟು ಒಂಟಿ ಅನ್ನಿಸುವುದಿಲ್ಲ.

ಇದರಲ್ಲಿ ಅಕ್ಕಿಯ ಮಾತು ಹೇಗೆ ಬಂತು ಎಂದು ಹೇಳುತ್ತೇನೆ. ದೊಡ್ಡಮ್ಮ ಅಕ್ಕಿಯನ್ನು ಪಾವಿನಲ್ಲಿ ಅಳೆಯುತ್ತಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ಅಕ್ಕಿ ಡಬ್ಬದ ಮುಂದೆ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ದೊಡ್ಡವರಿಗೆ ಬೊಗಸೆ, ಮಕ್ಕಳಿಗೆ ಹಿಡಿ. ಅವಳ ಕೈಯೂ ದೊಡ್ಡದು, ಹಿಡಿ ಎಂದರೆ ಬೆರಳ ಸಂದಿಯಿಂದ ಸುರಿಯುವಷ್ಟು. ಪ್ರತಿ ಹಿಡಿಗೂ ತುಟಿಯಲ್ಲೇ ಏನೋ ಗೊಣಗುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ಅನ್ನಪೂರ್ಣೆಯ ಮಂತ್ರ ಎಂದು ರಾಮು ಹೇಳುತ್ತಿದ್ದ. ಎಲ್ಲ ಆದ ಮೇಲೆ ಕೊನೆಗೊಂದು ಹಿಡಿ ಮೇಲಿನಿಂದ ಹಾಕಿ, ಅದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದಳು.

“ಇದು ಬಂದವರಿಗೆ.”

ಊಟದ ಹೊತ್ತಿಗೆ ಯಾರು ಬಂದರೂ, ತೀರ್ಥಹಳ್ಳಿ ಬಸ್ಸಿನಿಂದ ಇಳಿದ ನೆಂಟರಿರಲಿ, ದೊಡ್ಡಪ್ಪನ ಹಳೆಯ ಶಿಷ್ಯರಿರಲಿ, ಅವರಿಗೆ ಆ ಹಿಡಿ. ಯಾರೂ ಬರದಿದ್ದರೆ ಸಂಜೆ ಹಸುವಿಗೆ. ದೊಡ್ಡಪ್ಪ ಇದನ್ನೂ ಬಿಡದೆ ಕಿಚಾಯಿಸುತ್ತಿದ್ದರು.

“ರೈಸ್ ಎಣಿಸೋ ಪದಾರ್ಥ ಅಲ್ಲ ಕಣೇ. ಒಂದು ಪಾವು ತಂದುಕೊಡ್ತೀನಿ, ಅಳೆದು ಹಾಕು.”

“ನಾನೆಲ್ಲಿ ಎಣಿಸಿದೆ? ನಿಮಗೆ ಯಾವತ್ತಾದ್ರೂ ಕಮ್ಮಿ ಬಿದ್ದಿದ್ಯಾ?”

ಕಮ್ಮಿ ಬಿದ್ದಿರಲಿಲ್ಲ. ನನ್ನ ತಲೆಯಲ್ಲಿ ಹೊಕ್ಕ ಹುಳ ಬೇರೆ. ನಾನು ಉಣ್ಣುವ ಅನ್ನ ಯಾವ ಹಿಡಿಯದು? ಶಾರದಕ್ಕನಿಗೆ ಒಂದು, ರಾಮುವಿಗೆ ಒಂದು, ನಾಣಿಗೆ ಒಂದು. ನನಗೊಂದು ಇದೆಯೋ, ಅಥವಾ ನಾನು ಬಂದವರ ಹಿಡಿಯಲ್ಲಿ ಉಣ್ಣುತ್ತಿದ್ದೇನೋ? ನಾನೂ ಬಂದವಳೇ ತಾನೆ. ಮನೆಗೆ ನೆಂಟರು ಬಂದ ದಿನ ಅವರ ಪಾಲನ್ನು ತಿನ್ನುತ್ತಿದ್ದೇನೆ ಅನ್ನಿಸಿ, ಇನ್ನೂ ಬೇಗ ಸಾಕು ಎಂದು ಏಳುತ್ತಿದ್ದೆ. ಇಂಥದನ್ನು ಯಾರನ್ನು ಕೇಳುವುದು? ಕೇಳಿದರೆ ಅಲ್ಲ, ಇಲ್ಲ ಎಂದೇ ಹೇಳುತ್ತಾರೆ. ಹೇಳಿದ್ದು ನಿಜವೋ ಸಮಾಧಾನಕ್ಕೋ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಾರೆ ನೋಡಬೇಕೆಂದು ಒಂದು ಬೆಳಗ್ಗೆ ಬಾಗಿಲ ಮರೆಯಲ್ಲಿ ನಿಂತೆ.

ಎರಡು ಬೊಗಸೆ ಬಿತ್ತು, ದೊಡ್ಡಪ್ಪನಿಗೂ ಅವಳಿಗೂ. ಆಮೇಲೆ ಹಿಡಿ. ಒಂದು. ಎರಡು. ಮೂರು. ಅವಳ ಕೈ ಮತ್ತೆ ಡಬ್ಬದೊಳಗೆ ಹೋಗಿ ಮೇಲೆ ಬಂತು. ನನಗೇ ತಿಳಿಯದೆ ಬಾಯಿಂದ “ನಾಲ್ಕು” ಎಂದು ಬಂದುಬಿಟ್ಟಿತು.

ದೊಡ್ಡಮ್ಮ ತಿರುಗಿ ನೋಡಿದಳು. ಅವಳ ಮುಖದಲ್ಲಿ ಅಂಥ ಸಿಟ್ಟು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಎಣಿಸ್ತಿದ್ದೀಯಾ? ಯಾರು ಹೇಳಿಕೊಟ್ಟರೇ ನಿಂಗೆ ಇದನ್ನ? ಆಚೆ ನಡಿ!”

ಮೊರದಲ್ಲಿದ್ದ ಅಕ್ಕಿಯನ್ನೆಲ್ಲ ವಾಪಸು ಡಬ್ಬಕ್ಕೆ ಸುರಿದು, ಕೈ ತೊಳೆದುಕೊಂಡು, ಬಾಗಿಲು ಮುಂದೆ ಮಾಡಿ ಮೊದಲಿನಿಂದ ಶುರು ಮಾಡಿದಳು. ಆ ನಾಲ್ಕನೆಯದು ನನ್ನದೋ ಬಂದವರದೋ ಎಂದು ಕೊನೆಗೂ ನನಗೆ ತಿಳಿಯಲಿಲ್ಲ. ಹಿತ್ತಿಲಿನ ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಯಾರಾದರೂ ಹುಡುಕಿಕೊಂಡು ಬರಲಿ ಎಂದು ಸ್ವಲ್ಪ ಹೊತ್ತು ಕಾದೆ, ಆಮೇಲೆ ಯಾರಾದರೂ ನೋಡಿಯಾರು ಎಂದು ಮುಖ ತೊಳೆದುಕೊಂಡು ಒಳಗೆ ಹೋದೆ.

ಆ ಚಳಿಗಾಲದ ಕೊನೆಯಲ್ಲಿ ಜನಗಣತಿಯವರು ಬಂದರು. ಮೊದಲು ಬೀದಿಯ ಮನೆಮನೆಗೂ ಬಾಗಿಲ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ನಂಬರು ಬರೆದು ಹೋದರು. ಆಮೇಲೊಂದು ಮಧ್ಯಾಹ್ನ ಛತ್ರಿ ಹಿಡಿದ ತೆಳ್ಳನೆಯ ಯುವಕರೊಬ್ಬರು ಜಗಲಿಯ ಮೇಲೆ ಕೂತು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಅವರ ದುರದೃಷ್ಟ, ದೊಡ್ಡಪ್ಪ ಇನ್ನೂ ಶಾಲೆಯಿಂದ ಬಂದಿರಲಿಲ್ಲ.

“ದೇವರು ಕೊಟ್ಟಷ್ಟು ಇದ್ದೀವಿ” ಎಂದಳು ದೊಡ್ಡಮ್ಮ, ಬಾಗಿಲ ಹಿಂದಿನಿಂದ.

“ಅದು ಸರಿ ತಾಯಿ, ಎಷ್ಟು ಕೊಟ್ಟಿದ್ದಾನೆ?”

“ಕೊಟ್ಟಿದ್ದನ್ನ ಎಣಿಸ್ಕೊಂಡು ಕೂತ್ಕೋತಾರೇನಪ್ಪ? ನಿಮ್ಮ ತಾಯಿ ನಿಮ್ಮನ್ನ ಎಣಿಸ್ತಿದ್ರಾ?”

ಆ ಯುವಕರು ಛತ್ರಿಯನ್ನು ಒಮ್ಮೆ ಬಿಚ್ಚಿ ಮುಚ್ಚಿದರು. “ಹೋಗಲಿ, ಹೆಸರಾದ್ರೂ ಹೇಳಿ, ನಾನು ಬರ್ಕೋತೀನಿ” ಎಂದರು. ಅದಕ್ಕೆ ಅಡ್ಡಿಯಿರಲಿಲ್ಲ. ಯಜಮಾನರ ಹೆಸರನ್ನು ತಾನು ಹೇಳಬಾರದೆಂದು ನಾಣಿಯ ಬಾಯಿಂದ ಹೇಳಿಸಿದಳು. ಆಮೇಲೆ ಶಾರದೆ, ರಾಮಚಂದ್ರ, ನಾರಾಯಣ ಎಂದು ಒಂದೊಂದಾಗಿ ಹೇಳುತ್ತ ಬಂದಳು. ನಾನು ನಡುಮನೆಯ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ನನ್ನ ಹೆಸರು ಬರುತ್ತದೋ ಇಲ್ಲವೋ ಎಂಬುದಷ್ಟೇ ಆಗ ಪ್ರಪಂಚದಲ್ಲಿದ್ದ ಪ್ರಶ್ನೆ. ನಾರಾಯಣ ಎಂದವಳು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದರು. ಸರ್ಕಾರದ ಕೆಲಸ ತಮ್ಮ ಮನೆಯಲ್ಲಿ ಅಡ್ಡಾದಿಡ್ಡಿ ನಡೆಯುವುದನ್ನು ಅವರು ಸಹಿಸುವವರಲ್ಲ. ಅವಳನ್ನು ಒಳಗೆ ಕಳಿಸಿ ತಾವೇ ಕೂತರು.

“ಮಕ್ಕಳು ಮೂರು. ಕಿಟಕೀಲಿ ನಿಂತಿದಾಳಲ್ಲ, ಅವಳು ನನ್ನ ತಮ್ಮನ ಮಗಳು. ಭದ್ರಾವತಿ ಲೆಕ್ಕಕ್ಕೆ ಬರ್ತಾಳೆ. ಒಬ್ಬರನ್ನೇ ಎರಡು ಕಡೆ ಬರೆದ್ರೆ ತಪ್ಪಾಗುತ್ತೆ ನೋಡಿ.”

ದೊಡ್ಡಪ್ಪ ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರಿಗೆ ಎಲ್ಲವೂ ಸರಿಯಾದ ಗುಂಪಿನಲ್ಲಿರಬೇಕು, ಕುರಿ ಫ್ಲಾಕಿನಲ್ಲಿ, ಕೀಲಿಕೈ ಬಂಚಿನಲ್ಲಿ, ನಾನು ಭದ್ರಾವತಿಯಲ್ಲಿ. ಮುಂದೆ ನಾನೂ ಇಂಗ್ಲಿಷ್ ಮೇಡಮ್ಮೇ ಆಗಿ, ಅದೇ ಕಲೆಕ್ಟಿವ್ ನೌನುಗಳನ್ನು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಅವರ ಶಿಸ್ತಿನ ಬೆಲೆ ನನಗೆ ಗೊತ್ತು. ಆದರೆ ಆ ಮಧ್ಯಾಹ್ನ ಕಿಟಕಿಯ ಸರಳು ಬಿಟ್ಟು ಒಳಗೆ ಹೋಗಿ ನನ್ನ ಟ್ರಂಕಿನ ಮೇಲೆ ಕೂತೆ. ಆಮೇಲೆ ಯೋಚಿಸಿದಂತೆ ಒಂದು ಸಮಾಧಾನವೂ ಹುಟ್ಟಿತು. ಹಾಗಾದರೆ ನಾನು ಭದ್ರಾವತಿಯವಳು. ಅಲ್ಲಿ ನನ್ನ ಹೆಸರಿದೆ, ಅಪ್ಪ ಬರೆಸಿರುತ್ತಾನೆ. ಬೇಸಿಗೆ ರಜಕ್ಕೆ ಅಪ್ಪ ಕರೆಯಲು ಬಂದಾಗ ನನ್ನ ಲಂಗ, ಸ್ಲೇಟು, ಮುರಿದ ಬಾಚಣಿಗೆ, ಅಮ್ಮನ ಒಂದು ಹಳೆಯ ಸೀರೆ, ಎಲ್ಲವನ್ನೂ ಟ್ರಂಕಿನಲ್ಲಿ ತುಂಬಿದೆ. ಇನ್ನು ವಾಪಸು ಬರುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ದೊಡ್ಡಮ್ಮ ಟ್ರಂಕು ಎತ್ತಿ ನೋಡಿ, “ಇಷ್ಟೊಂದು ಯಾಕೇ?” ಎಂದಳು. ಆಮೇಲೆ ಕರಿದ ಹಪ್ಪಳದ ಡಬ್ಬ ಒಂದನ್ನು ಅದರ ಮೇಲಿಟ್ಟಳು.

ಅಪ್ಪ ಹಿಂದಿನ ವರ್ಷ ಮತ್ತೆ ಮದುವೆಯಾಗಿದ್ದ. ಚಿಕ್ಕಮ್ಮ ಕಡೂರಿನ ಕಡೆಯವಳು, ಶಾರದಕ್ಕನಿಗಿಂತ ಬಹಳವೇನೂ ದೊಡ್ಡವಳಲ್ಲ. ಕಾರ್ಖಾನೆಯ ಸಾಲುಮನೆಗಳಲ್ಲಿ ಒಂದು ನಮ್ಮದು. ಮುಂದೊಂದು ಕೋಣೆ, ಹಿಂದೊಂದು ಅಡಿಗೆಮನೆ, ನಡುವೆ ಒಂದು ಹಳೆಯ ಸೀರೆಯ ಪರದೆ. ತಂತಿಯ ಮೇಲೆ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನದ ಹೊತ್ತಿಗೆ ಕಪ್ಪು ಧೂಳು ಕೂತು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಕಾರ್ಖಾನೆಯ ಸೈರನ್ನು ಕೂಗಿದಾಗ ಬೀದಿಯ ತುಂಬ ಖಾಕಿ ಚಡ್ಡಿಗಳು, ಸೈಕಲ್ಲುಗಳು, ತಮಿಳು, ತೆಲುಗು, ಕನ್ನಡ ಎಲ್ಲ ಒಟ್ಟಿಗೆ ಹರಿದುಬರುತ್ತಿದ್ದವು. ಆ ಗುಂಪಿನಲ್ಲಿ ಅಪ್ಪನನ್ನು ಗುರುತಿಸಲು ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಎಲ್ಲರ ಮುಖಕ್ಕೂ ಒಂದೇ ಮಸಿ. ಒಂದು ಸಲ ಬೇರೆ ಯಾರನ್ನೋ ನೋಡಿ ಅಪ್ಪಾ ಎಂದು ಓಡಿಹೋದೆ, ಅವರು ನಕ್ಕು ತೆಲುಗಿನಲ್ಲಿ ಏನೋ ಹೇಳಿ ನನ್ನ ಕೆನ್ನೆ ತಟ್ಟಿ ಹೋದರು.

ಚಿಕ್ಕಮ್ಮ ಅಕ್ಕಿಯನ್ನು ಪಾವಿನಲ್ಲಿ ಅಳೆಯುತ್ತಿದ್ದಳು. ಹಿತ್ತಾಳೆಯ ಹೊಸ ಪಾವು, ತವರಿನಿಂದ ತಂದದ್ದು. ಕೈಯಿಂದ ಮೇಲೆ ಸವರಿ, ಒಂದು ಕಾಳು ಹೆಚ್ಚಾಗದಂತೆ ಸಮ ಮಾಡುತ್ತಿದ್ದಳು. ನಾನು ಹೋದ ಮಾರನೇ ದಿನ ಪಕ್ಕದ ಮನೆಯ ತಮಿಳು ಮಾತಿನ ಸೆಲ್ವಿ ಅಕ್ಕನಿಗೆ, “ಒಬ್ಬಳು ಜಾಸ್ತಿ ಆದಳಲ್ಲ, ಎಷ್ಟು ಹಾಕಬೇಕು ಅಂತಾನೇ ಗೊತ್ತಾಗಲ್ಲ ಕಣ್ರೀ” ಎಂದು ಹೇಳುವುದು ಕೇಳಿಸಿತು. ಅವಳು ಅದನ್ನು ಚುಚ್ಚಿ ಹೇಳಿದ್ದಲ್ಲ. ಹೊಸ ಸಂಸಾರದವಳು, ಅನ್ನ ಉಳಿದರೆ ಅಪ್ಪ ಏನೆನ್ನುತ್ತಾನೋ, ಸಾಲದಿದ್ದರೆ ಏನೆನ್ನುತ್ತಾನೋ ಎಂಬ ಭಯ ಅವಳಿಗೆ. ಆ ಸಂಜೆ ಪರದೆಯ ಆಚೆ ಅವಳು ಅಪ್ಪನನ್ನು, “ಇವಳು ಎಷ್ಟು ದಿನ ಇರ್ತಾಳೆ?” ಎಂದು ಕೇಳಿದಳು. “ರಜ ಮುಗಿಯೋವರೆಗೆ” ಎಂದ ಅಪ್ಪ, ಕೂಡಲೇ, ಯೋಚನೆಯನ್ನೂ ಮಾಡದೆ.

ಆದರೂ ನನಗೊಂದು ಆಸೆ ಉಳಿದಿತ್ತು. ಅಪ್ಪ ಹೊರಗೆ ಚಾಪೆ ಹಾಕಿ ಕೂತಿದ್ದಾಗ ಹತ್ತಿರ ಹೋದೆ.

“ಅಪ್ಪ, ಇಲ್ಲಿಗೂ ತಲೆ ಎಣಿಸೋರು ಬಂದಿದ್ರಾ?”

“ಬಂದಿದ್ರು. ಬಾಗಿಲ ಮೇಲೆ ನಂಬರ್ ಬರೆದಿದಾರೆ ನೋಡು.”

“ನನ್ನ ಹೆಸರು ಹೇಳಿದೆಯಾ?”

ಅಪ್ಪ ನನ್ನ ಮುಖ ನೋಡಿದ. “ನೀನು ಶಿವಮೊಗ್ಗದಲ್ಲಿದ್ದೆಯಲ್ಲಮ್ಮ ಆಗ. ಅಣ್ಣ ಬರೆಸಿರ್ತಾನೆ ಬಿಡು, ಅವನು ಇಂಥದ್ದೆಲ್ಲ ಮರೆಯೋನಲ್ಲ.”

ನಾನು ಹೂಂ ಎಂದೆ. ದೊಡ್ಡಪ್ಪ ಬರೆಸಲಿಲ್ಲ ಎಂದು ಹೇಳಲಿಲ್ಲ. ಹೇಳಿದರೆ ಅಪ್ಪನಿಗೆ ನೋವಾಗುತ್ತದೆ ಎಂದೋ, ಆಗುವುದಿಲ್ಲವೇನೋ ಎಂಬ ಭಯಕ್ಕೋ, ಈಗ ಹೇಳಲಾರೆ. ಎರಡೂ ಊರಿನಲ್ಲಿ ನಾನಿರಲಿಲ್ಲ, ಅಷ್ಟು ಮಾತ್ರ ಅರ್ಥವಾಯಿತು. ಚಿಮಣಿಯ ಹೊಗೆ ನಮ್ಮ ಸಾಲಿನ ಮೇಲೆ ಹಾದು ಹೊಳೆಯ ಕಡೆ ಹೋಗುತ್ತಿತ್ತು. ಅದನ್ನು ನೋಡುತ್ತ ಅಪ್ಪನ ಪಕ್ಕ ಬಹಳ ಹೊತ್ತು ಕೂತಿದ್ದೆ. ಅಪ್ಪ ನನ್ನ ಜಡೆಯ ತುದಿ ಹಿಡಿದು ಸುಮ್ಮನೆ ತಿರುವುತ್ತಿದ್ದ.

ರಜ ಇನ್ನೂ ಬೇಕಾದಷ್ಟು ಬಾಕಿಯಿತ್ತು. ಆದರೆ ಚಿಕ್ಕಮ್ಮ ಬಸುರಿ, ಇದ್ದಕ್ಕಿದ್ದಂತೆ ಹುಷಾರು ತಪ್ಪಿದಳೆಂದು ಅವಳ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ. ಅಪ್ಪನಿಗೆ ಕುಲುಮೆಯ ಪಾಳಿ, ನನ್ನನ್ನು ನೋಡಿಕೊಳ್ಳುವವರಿಲ್ಲ. ದೊಡ್ಡಪ್ಪನಿಗೆ ತಿಳಿಸುವಷ್ಟೂ ಹೊತ್ತಿರಲಿಲ್ಲ. ಸೆಲ್ವಿ ಅಕ್ಕ ಶಿವಮೊಗ್ಗದ ತನ್ನ ತಂಗಿಯ ಮನೆಗೆ ಹೊರಟಿದ್ದಳು, ಅವಳ ಜೊತೆ ಮಧ್ಯಾಹ್ನದ ರೈಲು ಹತ್ತಿಸಿದ. ಟ್ರಂಕಿನ ಮೇಲೆ ಕೂತು ನಾನು ಸದ್ದಿಲ್ಲದೆ ಅಳುತ್ತಿದ್ದೆ. ಸೆಲ್ವಿ ಅಕ್ಕ ತನ್ನ ಸೆರಗಿನಿಂದ ನನ್ನ ಮೂಗು ಒರೆಸಿದಳು.

“ಅಳಬೇಡ ಕಣ್ಣು. ಎಲ್ಲಾರಿಗೂ ಒಂದು ಮನೆ, ನಿಂಗೆ ಎರಡು ಮನೆ ಇದೆಯಲ್ಲಾ!”

ಶಿವಮೊಗ್ಗ ಸ್ಟೇಷನ್ನಿನಲ್ಲಿ ಅವಳು ನನ್ನನ್ನು ಗಫಾರ್ ಸಾಬರ ಜಟಕಾ ಹತ್ತಿಸಿದಳು. ದುರ್ಗಿಗುಡಿಯ ಮಕ್ಕಳೆಲ್ಲ ಅವರಿಗೆ ಪರಿಚಯ. “ಏನು ಬೇಟಿ, ಮೇಷ್ಟ್ರ ಮನೆಗಾ? ರಜ ಇಷ್ಟು ಜಲ್ದಿ ಮುಗೀತಾ?” ಎಂದರು. ಕುದುರೆ ಮುಂದೆ ಹಾಕಿದ್ದ ಹುಲ್ಲಿನ ಕಟ್ಟನ್ನು ಮೂಸಿ ನಿಧಾನಕ್ಕೆ ಹೊರಟಿತು. ಇನ್ನೂ ನಿಧಾನವಾಗಿ ಹೋಗಲಿ ಎಂದೇ ನನಗೆ. ಹೇಳದೆ ಕೇಳದೆ, ಊಟದ ಹೊತ್ತು ಮೀರಿದ ಮೇಲೆ ಬಂದಿಳಿಯುತ್ತಿದ್ದೇನೆ; ಇದಕ್ಕಿಂತ ಹೆಚ್ಚಾಗಿ ಬಂದವಳಾಗುವುದು ಹೇಗೆ?

ಜಗಲಿಯ ಮೇಲೆ ಸಾಗರದ ಕಡೆಯಿಂದ ಬಂದಿದ್ದ ದೊಡ್ಡಪ್ಪನ ಹಳೆಯ ಸ್ನೇಹಿತರೊಬ್ಬರು ಊಟ ಮುಗಿಸಿ ಎಲೆ ಅಡಿಕೆ ಮೆಲ್ಲುತ್ತಿದ್ದರು. ಅಲ್ಲಿಗೆ ಬಂದವರ ಹಿಡಿಯೂ ಖರ್ಚಾಯಿತು ಎಂದುಕೊಂಡೆ. ಒಳಗೆ ಎಲ್ಲರ ಊಟ ಮುಗಿದಿತ್ತು. ಯಾವಾಗಲೂ ಕೊನೆಗೆ ಉಣ್ಣುವ ದೊಡ್ಡಮ್ಮ ತನ್ನ ಎಲೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಿದವಳು ಏಕೆ ಬಂದೆ ಎಂದಾಗಲಿ, ಏನಾಯಿತು ಎಂದಾಗಲಿ ಕೇಳಲಿಲ್ಲ. ಗೋಡೆಗೆ ಒರಗಿಸಿದ್ದ ಇನ್ನೊಂದು ಎಲೆ ತೆಗೆದು ತನ್ನ ಎಲೆಯ ಪಕ್ಕ ಹಾಕಿ ನೀರು ಚಿಮುಕಿಸಿದಳು.

“ಕೈಕಾಲು ತೊಳ್ಕೊಂಡು ಬಾ.”

“ಹಸಿವಿಲ್ಲ ದೊಡ್ಡಮ್ಮ.”

“ಭದ್ರಾವತಿಯಿಂದ ಬಂದವಳಿಗೆ ಹಸಿವಿಲ್ವಾ? ಮುಖ ನೋಡು, ಹೇಗೆ ಬಾಡಿದೆ.”

ಅಲ್ಲಿಯವರೆಗೆ ತಡೆದಿದ್ದೆಲ್ಲ ಆಗ ಬಂದುಬಿಟ್ಟಿತು. “ಬಂದವರ ಹಿಡಿ ಅವರಿಗಾಯ್ತಲ್ಲ. ನನಗೆ ಹಾಕಿದ್ರೆ ನಿಮಗೆ ಇರಲ್ಲ” ಎಂದೆ.

ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಅನ್ನದ ಪಾತ್ರೆಯ ಮುಚ್ಚಳ ಕೈಯಲ್ಲೇ ಹಿಡಿದು ನಿಂತಳು.

“ಬಂದವರ ಹಿಡಿಗೂ ನಿಂಗೂ ಏನೇ ಸಂಬಂಧ?”

ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಶಾರದಕ್ಕ. ಅವಳಿಗೆ ನನ್ನ ಕಣ್ಣೀರು ಕಾಣಿಸಿರಲಿಲ್ಲ, ಅವಳ ಸಿಟ್ಟೇ ಬೇರೆ.

“ಸದ್ಯ ಬಂದೆಯಲ್ಲ ಮಾರಾಯ್ತಿ! ನೀನು ಹೋದಾಗಿಂದ ಬೆಳಗಾದ್ರೆ ತಂಗಳನ್ನದ ಚಿತ್ರಾನ್ನ, ಬೆಳಗಾದ್ರೆ ಚಿತ್ರಾನ್ನ. ಹಿತ್ತಿಲ ನಿಂಬೆಗಿಡ ಬೋಳಾಯ್ತು. ಕಮ್ಮಿ ಹಾಕೇ ಅಂದ್ರೆ ಅಮ್ಮ ಕೇಳಿದ್ರೆ ತಾನೆ? ಒಬ್ಬೊಬ್ಬರ ಹೆಸರು ಹೇಳ್ಕೊಂಡು ಹಿಡಿ ಹಾಕ್ತಾಳಲ್ಲ, ವಿಮ್ಲಿ ಅಂತ ಬಾಯಿಗೆ ಬಂದ್ಮೇಲೆ ಕೈ ತಡೆಯೋಕಾಗಲ್ವಂತೆ. ನಿನ್ನ ಪಾಲು ದಿನಾ ನಾವು ತಿಂದು ಸತ್ತಿದೀವಿ!”

“ಸಾಯೋ ಮಾತಾಡಬೇಡ” ಎಂದು ದೊಡ್ಡಮ್ಮ ಅವಳನ್ನು ಗದರಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳಿಗೆ ಈಗ ಅರ್ಥವಾಗಿತ್ತು. ಬಗ್ಗಿ ನನ್ನ ಭುಜ ಹಿಡಿದು ಎಲೆಯ ಮುಂದೆ ಕೂರಿಸಿದಳು.

“ಊರಿಗೆ ಹೋದವರ ಹಿಡಿ ತೆಗೆಯಲ್ಲ ಕಣೇ. ಹೋಗೇಬಿಟ್ಟವರದ್ದು ತೆಗೀತಾರೆ. ನಿಮ್ಮಮ್ಮಂದು ಈ ಕೈಯಿಂದಲೇ ತೆಗೆದೆ. ಅದು ಸಾಕು ನಂಗೆ.”

ಇಷ್ಟು ಹೇಳಿ ಬಡಿಸತೊಡಗಿದಳು. ಪಾತ್ರೆಯಲ್ಲಿ ಇಬ್ಬರಿಗೆ ಆಗುವಷ್ಟು ಅನ್ನವಿತ್ತು, ಅವಳ ಬೊಗಸೆಯದು ಮತ್ತು ನನ್ನ ಹಿಡಿಯದು. ನುಗ್ಗೆಕಾಯಿ ಹುಳಿ ಆರಿಹೋಗಿತ್ತು. ಅದರ ಮೇಲೆ ತುಪ್ಪ ಹಾಕಿದಳು. ಪಡಸಾಲೆಯಲ್ಲಿ ರಾಮು ನಾಣಿ ಯಾವುದಕ್ಕೋ ಕಿತ್ತಾಡುತ್ತಿದ್ದರು, ದೊಡ್ಡಪ್ಪ ಸ್ನೇಹಿತರ ಜೊತೆಗಿನ ಮಾತು ನಿಲ್ಲಿಸಿ “ಈಸೋ, ಆರೋ?” ಎಂದು ಕೂಗಿದರು. ನಾನು ತಲೆ ಎತ್ತದೆ ಉಂಡೆ. ಎಲೆ ಖಾಲಿಯಾದಾಗ ದೊಡ್ಡಮ್ಮ ಎಂದಿನಂತೆ ನನ್ನ ಕೈ ಅಡ್ಡ ಬರುತ್ತದೆಂದು ಸುಮ್ಮನೆ ಕೂತಿದ್ದಳು.

“ದೊಡ್ಡಮ್ಮ, ಇನ್ನೊಂಚೂರು ಅನ್ನ ಹಾಕು” ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಪಾತ್ರೆಯನ್ನು ಓರೆ ಮಾಡಿ, ತಳಕ್ಕೆ ಹತ್ತಿದ್ದನ್ನೂ ಸೌಟಿನಿಂದ ಕೆರೆದು ನನ್ನ ಎಲೆಗೆ ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂಗಿದಳು.

“ಶಾರದೇ, ನಾಳೆ ಚಿತ್ರಾನ್ನ ಇಲ್ಲ ಕಣೇ.”